ಮನೆಯಂಗಳಕ್ಕೆ ತಕ್ಕ ತೋಟಗಾರ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ಈಚೆಗೆ ಹೊಸ ಮನೆಗಳು ಬಹುವಾಗಿ ಏಳುತ್ತಿವೆ. ಗೃಹಪ್ರವೇಶವಾದೊಡನೆ ಅಂಗಳವನ್ನು ಶೃಂಗರಿಸಿಕೊಡುವೆವೆಂಬ ಗುತ್ತಿಗೆದಾರರೂ ಬಾಗಿಲಿಗೆ ಬರುತ್ತಾರೆ. ಅವರು ತೋರಿಸುವ ಚಿತ್ರಗಳಿಗೆ ಮನಸೋತು ಗೃಹಸ್ಥನು ಮುಂಗಡವನ್ನು ಕೊಟ್ಟುಬಿಡುತ್ತಾನೆ. ಇಂಥವರಲ್ಲಿ ಯಾರು ನಂಬಿಕೆಗೆ ಅರ್ಹರೆಂಬ ವಿಚಾರವಾಗಿ ನಮಗೆ ತೋರಿದ್ದನ್ನು ವಾಚಕರ, ವಿಶೇಷವಾಗಿ ಗೃಹಿಣಿಯರ, ಮುಂದಿಡುತ್ತೇವೆ. ನೀರೆರೆಯುವ ಭಾರವು ಕಡೆಗೆ ಬೀಳುವುದು ಅವರ ಮೇಲೆಯೇ ಅಷ್ಟೆ.

ನಮ್ಮ ಸೀಮೆಯವರಿಗೆ ಉದ್ಯಾನವೆಂದರೆ ಬೃಂದಾವನ. 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಆ ತೋಟಕ್ಕೆ ದಿವಾನ್ ಮಿರ್ಜಾ ಇಸ್ಮಾಯಿಲರ ಉತ್ಸಾಹವೂ, ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜರ್ಮನ್ ದೇಶೀಯ ಕ್ರುಂಬಿಗಲ್ಲರ ಕೌಶಲವೂ ಕಾರಣ. ಅದರಂತೆಯೇ ತಮಗೂ ಒಂದು ಹುಲ್ಲುಹಾಸು, ಒಂದು ಕಾರಂಜಿ ಬೇಕೆಂದು ಜನರು ಕೇಳುತ್ತಾರೆ. ಆದರೆ ಬೃಂದಾವನದ ನೆತ್ತಿಯ ಮೇಲೆ ಕೃಷ್ಣರಾಜಸಾಗರವೇ ನಿಂತಿದೆ. ನಾಗಮಂಗಲದ ಗರಸು ನೆಲದಲ್ಲಿ ಕೊಳವೆಬಾವಿಯನ್ನೇ ನೆಚ್ಚಿದವನ ನೆತ್ತಿಯ ಮೇಲಿರುವುದು ಬಿಸಿಲು. ಬೇಸಗೆಯಲ್ಲಿ ಹುಲ್ಲುಹಾಸು ಚದರ ಮೀಟರಿಗೆ ದಿನವೊಂದಕ್ಕೆ ನಾಲ್ಕೈದು ಲೀಟರು ನೀರನ್ನು ಕುಡಿಯುತ್ತದೆ. 100 ಚದರ ಮೀಟರಿನ ಹಾಸಿಗೆ ಬೇಕಾದ ನೀರು ನಾಲ್ವರ ಸಂಸಾರದ ನಿತ್ಯದ ನೀರಿಗೆ ಸಮ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಆ ತಾಲ್ಲೂಕಿನಲ್ಲಿ ಮನೆ ಕಟ್ಟಿಸಿದನು. ಗುತ್ತಿಗೆದಾರನು, ಅಂಗಳ ವಿಶಾಲವಾಗಿ ಕಾಣಬೇಕೆಂದು ಹೇಳಿ, ಆ ಹುಡುಗನ ತಂದೆ ನೆಟ್ಟಿದ್ದ ಎರಡು ಹೊಂಗೆಯ ಮರಗಳನ್ನು ಕಡಿಸಿ ಹುಲ್ಲು ಹಾಸಿದನು. ಮೊದಲ ಬೇಸಗೆಯಲ್ಲೇ ಬಾವಿ ಬತ್ತಿತು. ತಾಯಿ ಪಾತ್ರೆ ತೊಳೆದ ನೀರನ್ನು ಹೊತ್ತು ಹಾಕಿದರೂ ಹುಲ್ಲು ಉಳಿಯಲಿಲ್ಲ. ಗುತ್ತಿಗೆದಾರನು ಮತ್ತೆ ಮುಖ ತೋರಲಿಲ್ಲ. ಹಣ ಹೋದುದು ಹೇಗಾದರೂ ಹೋಗಲಿ, ಹೊಂಗೆಯ ನೆರಳಿನಲ್ಲಿ ರಾಗಿ ಕೇರುತ್ತಿದ್ದ ಆ ವೃದ್ಧೆಗೆ ಈಗ ಮಧ್ಯಾಹ್ನ ಕುಳಿತುಕೊಳ್ಳಲು ತಾವಿಲ್ಲ.

ಬಲ್ಲ ತೋಟಗಾರನು ಮೊದಲು ಗಿಡದ ಮಾತನ್ನೇ ಎತ್ತುವುದಿಲ್ಲ. ಗಂಜಾಮಿನ ಮುದುಕನೊಬ್ಬನು ನಮ್ಮ ಹಿತ್ತಿಲಿಗೆ ಬಂದವನೇ, “ಮೇಷ್ಟ್ರೆ, ಮಳೆ ನೀರು ಎಲ್ಲಿ ನಿಂತ್ಕತದೆ ಮೊದ್ಲು ತೋರ್ಸಿ” ಎಂದನು. ಎರಡಡಿ ಗುಂಡಿ ತೋಡಿ, ನೀರು ತುಂಬಿ, ಅದು ಇಂಗುವವರೆಗೆ ಕಾದು ಕುಳಿತನು. ನಾಲೆಯ ಬಯಲಿನಲ್ಲಿ ನೀರು ನಿಂತು ಬೇರು ಕೊಳೆಯುವುದೇ ಹೆಚ್ಚು. ನಾಗಮಂಗಲದಲ್ಲಿಯಾದರೋ ನೀರು ನಿಲ್ಲದಿರುವುದೇ ಕಷ್ಟ. ಈ ಭೇದವನ್ನರಿಯದೆ ಎರಡೂ ಕಡೆಗೆ ಒಂದೇ ಪಟ್ಟಿಯನ್ನು ಕೊಡುವವನನ್ನು ಅಂದೇ ಕಳುಹಿಸಿಬಿಡತಕ್ಕದ್ದು.

ಗಿಡಗಳ ಅಂತರವು ಇನ್ನೊಂದು ಒರೆಗಲ್ಲು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮರದಿಂದ ಮರಕ್ಕೆ 20 ಹಸ್ತ ಉತ್ತಮ, 16 ಮಧ್ಯಮ, 12 ಕನಿಷ್ಠವೆಂದು ವಿಧಿಸಿದ್ದಾನೆ. ಒತ್ತಾಗಿ ಬೆಳೆದ ಮರಗಳು ಬೇರುಗಳು ಹೆಣೆದುಕೊಂಡು ಚೆನ್ನಾಗಿ ಫಲಿಸವೆಂಬುದು ಆತನ ಕಾರಣ. 20 ಹಸ್ತವೆಂದರೆ ಸುಮಾರು 30 ಅಡಿ. ಇಂದು ತೆಂಗಿಗೆ ಹೇಳುವ ಅಂತರವೂ 25ರಿಂದ 30 ಅಡಿಯೇ. ಒತ್ತೊತ್ತಾಗಿ ನೆಡುವವನು ಛಾಯಾಚಿತ್ರ ತೆಗೆಯುವ ದಿನಕ್ಕಾಗಿ ನೆಡುತ್ತಾನೆ. ಆದಕಾರಣ ಅವನು ನಿನ್ನೆ ಮುಗಿಸಿದ ತೋಟವನ್ನು ನೋಡಿ ಮೆಚ್ಚಕೂಡದು. ಮೂರು ವರ್ಷದ ಹಿಂದೆ ಮಾಡಿದ್ದನ್ನು ತೋರಿಸೆನ್ನಿ. ಸಾಧ್ಯವಾದರೆ ಏಪ್ರಿಲ್ ತಿಂಗಳಿನಲ್ಲಿ ಹೋಗಿ, ಆ ಮನೆಯ ಹೆಂಗಸರನ್ನೇ ಕೇಳಿ.

ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಗಿಡದ ಹೆಸರು, ಎತ್ತರ, ಸಂಖ್ಯೆ, ಗುಂಡಿಯ ಆಳ, ಹಾಕುವ ಗೊಬ್ಬರ, ಉಳಿಸತಕ್ಕ ಹಳೆಯ ಮರಗಳು, ಇವೆಲ್ಲವೂ ಅದರಲ್ಲಿರಲಿ. ಸಸಿಗಳ ಬೆಲೆಯನ್ನು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಲ್ಲಿ ವಿಚಾರಿಸಿಕೊಂಡರೆ ಮೋಸಕ್ಕೆ ಎಡೆ ಕಡಮೆ. ಮುಂಗಡವಾಗಿ ಮೂರರಲ್ಲೊಂದು ಪಾಲನ್ನು ಕೊಡಬಹುದು. ಕೊನೆಯ ಕಂತನ್ನು ಒಂದು ಬೇಸಗೆ ಕಳೆದ ಮೇಲೆ, ಸತ್ತ ಗಿಡಗಳಿಗೆ ಬದಲು ನೆಟ್ಟ ತರುವಾಯ ಸಲ್ಲಿಸುವೆವೆಂದು ಮೊದಲೇ ಹೇಳಿಡಿ. ಇದಕ್ಕೆ ಒಪ್ಪುವವನು ದಿನಗೂಲಿಯ ಬಡವನಾಗಿದ್ದರೆ ಕೂಲಿಯನ್ನು ಮಾತ್ರ ಆಯಾ ಸಂಜೆಯೇ ಕೊಟ್ಟುಬಿಡಿ. ತಡೆಹಿಡಿಯತಕ್ಕದ್ದು ಗುತ್ತಿಗೆಯ ಲಾಭವನ್ನೇ ಹೊರತು ಆಳಿನ ಊಟವನ್ನಲ್ಲ.