525 ಪಟ್ಟಿನ ಆಮಿಷ

ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೆ ಆ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವುದೇ ಲೇಸು. ಲೆಕ್ಕವೇನೋ ಸುಳ್ಳಲ್ಲ. ಟೆಲಿಸ್ಕೋಪಿನ ಸಂಗಮದೂರ 700 ಮಿ.ಮೀ., ಜೊತೆಗೆ ಕೊಟ್ಟ ಐಪೀಸಿನದು (ಕಣ್ಣಿಡುವ ಕಡೆಯ ಮಸೂರದ್ದು) 4, ಭಾಗಿಸಿದರೆ 175. ಮೂರು ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525. ಆದರೆ ಮುಂದಿನ ಮಸೂರದ ಅಗಲ ಬರೀ 60 ಮಿ.ಮೀ. ಅಗಲದ ಒಂದು ಮಿಲಿಮೀಟರಿಗೆ ಹೆಚ್ಚೆಂದರೆ ಎರಡು ಪಟ್ಟು, ಅಂದರೆ 120. ಅದನ್ನು ಮೀರಿದರೆ ಶನಿ ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ. ಬೆಳಕು ಹಿಡಿದು ಬಿಂಬ ಮೂಡಿಸುವುದು ಮುಂದಿನ ಮಸೂರ ಅಥವಾ ಕನ್ನಡಿ. ಆ ಬಿಂಬದಲ್ಲಿ ಇಲ್ಲದ ವಿವರವನ್ನು ಐಪೀಸ್ ಎಲ್ಲಿಂದ ತಂದೀತು?

ಹಾಗಾಗಿ ಮೊದಲು ಕೊಳ್ಳಬೇಕಾದದ್ದು ಕಡಿಮೆ ಹಿಗ್ಗಿಸುವ, ಉದ್ದ ಸಂಗಮದೂರದ ಐಪೀಸ್. 130 ಮಿ.ಮೀ. ಕನ್ನಡಿಯ, 650 ಮಿ.ಮೀ. ಸಂಗಮದೂರದ ನ್ಯೂಟೋನಿಯನ್ ಟೆಲಿಸ್ಕೋಪ್ ನಿಮ್ಮಲ್ಲಿದೆ ಎನ್ನಿ. ಅದಕ್ಕೆ ಪ್ಲೋಸಲ್ ಎಂಬ ಬಗೆಯ 32 ಮಿ.ಮೀ. ಐಪೀಸ್ ಹಾಕಿದರೆ ಸುಮಾರು 20 ಪಟ್ಟು. ಇಷ್ಟೇನಾ ಎನ್ನಬೇಡಿ, 1610ರಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದೂ ಹೆಚ್ಚುಕಡಿಮೆ ಇಷ್ಟರಲ್ಲೇ. ನೋಟದ ಹರವು ಎರಡೂವರೆ ಡಿಗ್ರಿ, ಐದು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ಕೃತ್ತಿಕೆ ಇಡಿಯಾಗಿ ಹಿಡಿಸುತ್ತದೆ, ಹುಡುಕುವ ಕೆಲಸವೂ ಸುಲಭ. ಇದಕ್ಕಿಂತ ಉದ್ದದ್ದು ಇಲ್ಲಿ ದಂಡ. ಐಪೀಸಿನಿಂದ ಹೊರಬರುವ ಬೆಳಕಿನ ಕಂಬಿ ಆಗಲೇ 6.4 ಮಿ.ಮೀ. ಅಗಲ, ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಅರಳುವುದು 7ರ ಆಸುಪಾಸಿಗೆ, ವಯಸ್ಸಾದಂತೆ 5ಕ್ಕೂ ಇಳಿಯಬಹುದು. ಪಾಪೆಯೊಳಗೆ ಹೋಗದ ಬೆಳಕು ನಷ್ಟವೇ.

ಎರಡನೆಯದು 10 ಮಿ.ಮೀ.: 65 ಪಟ್ಟು, ಶನಿಯ ಬಳೆ, ಗುರುವಿನ ಪಟ್ಟೆ ಎರಡೂ ಕಾಣುತ್ತವೆ. ಎರಡು ಪಟ್ಟಿನ ಒಳ್ಳೆಯ ಬಾರ್ಲೋ ಜೊತೆಗಿದ್ದರೆ 40, 130 ಕೂಡ ಕೈಗೆ ಬಂದವು. ನಕ್ಷತ್ರಗಳು ಜೋರಾಗಿ ಮಿನುಗುವ ರಾತ್ರಿ ಗಾಳಿಯೇ ಕಲಕಿರುತ್ತದೆ, ಆಗ 130ರ ಗೊಡವೆ ಬೇಡ. ಇನ್ನೂ ಅಗಲ ನೋಟದ ಐಪೀಸುಗಳೂ ಇವೆ: ಅಪೊಲೊ ತರಬೇತಿಯ ಸಿಮ್ಯುಲೇಟರುಗಳಿಗೆ ದೃಶ್ಯ ವ್ಯವಸ್ಥೆ ರೂಪಿಸಿದ ಅಲ್ ನಾಗ್ಲರ್ ಮುಂದೆ, ಕಣ್ಣಿಗೆ ತೋರುವ ಹರವು 82 ಡಿಗ್ರಿ ಇರುವ ಐಪೀಸ್ ಮಾಡಿದರು. ಸೊಗಸಾದ ವಸ್ತು, ಆದರೆ ಹೊಸಬರ ಜೇಬಿಗಲ್ಲ.

ಕನ್ನಡಕದವರಿಗೆ ಒಂದು ಮಾತು. ಬರೀ ದೂರ ಅಥವಾ ಸಮೀಪ ದೃಷ್ಟಿದೋಷವಾದರೆ ಕನ್ನಡಕ ತೆಗೆದು ಫೋಕಸ್ ತಿರುಗಿಸಿದರೆ ಸಾಕು. ಅಸ್ಟಿಗ್ಮಾಟಿಸಂ ಹೆಚ್ಚಿದ್ದರೆ ಅದು ಸಾಲದು, ಕನ್ನಡಕ ಹಾಕಿಕೊಂಡೇ ನೋಡಬೇಕು. ಆದರೆ 10 ಮಿ.ಮೀ. ಪ್ಲೋಸಲಿಗೆ ಕಣ್ಣನ್ನು ಸುಮಾರು 7 ಮಿ.ಮೀ. ಹತ್ತಿರ ತರಬೇಕು, ನಡುವೆ ಕನ್ನಡಕಕ್ಕೆ ಜಾಗವೆಲ್ಲಿ? ಅಂಥವರು 15ರಿಂದ 20 ಮಿ.ಮೀ. ದೂರದಿಂದಲೇ ನೋಡಬಹುದಾದ ಐಪೀಸ್ ಕೇಳಿ ಪಡೆಯಬೇಕು, ಬೆಲೆ ತುಸು ಹೆಚ್ಚಾದರೂ.