ಕಾಂಗರೀ: ನೆರೆ ನೀರು ಸಾಕಿದ ಕಾಡು

ಮೂರು ದಿನ ಒಟ್ಟಿಗೆ ರಜೆ ಬಂತು ಅಂದ್ರೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: ಈ ಸಲ ಎಲ್ಲಿಗೆ? ವಾಷಿಂಗ್ಟನ್ ಸುತ್ತಮುತ್ತಲಿನವರು ಶೆನಂಡೋವಾ ಅಂತಾರೆ. ಅಟ್ಲಾಂಟಾ, ಶಾರ್ಲೆಟ್ ಕಡೆಯವರು ಸ್ಮೋಕಿ ಬೆಟ್ಟ ಅಂತಾರೆ. ಎರಡೂ ಚೆಂದದ ಜಾಗಗಳೇ, ಸಂಶಯವಿಲ್ಲ. ಆದರೆ ಅಂಥ ವಾರಾಂತ್ಯದಲ್ಲಿ ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಊರಿಂದ ಬಂದ ಅಪ್ಪ ಅಮ್ಮನಿಗೆ ಬೆಟ್ಟ ಹತ್ತಲು ಆಗುವುದಿಲ್ಲ, ಅವರು ಕಾರಿನಲ್ಲೇ ಕೂತು ಕಾಯಬೇಕು. ಹೋಟೆಲ್ ಬಾಡಿಗೆಯ ವಿಷಯವಂತೂ ಕೇಳಲೇಬೇಡಿ.

ಈ ಸಲ ನಾವು ಬೇರೆ ಲೆಕ್ಕ ಹಾಕಿದೆವು. ವಾಷಿಂಗ್ಟನ್ ಕಡೆಯಿಂದ ಎರಡು ಮನೆ, ಅಟ್ಲಾಂಟಾದಿಂದ ಮೂರು, ಶಾರ್ಲೆಟ್‌ನಿಂದ ಎರಡು, ಒಟ್ಟು ಏಳು ಮನೆಯವರು ಸೇರಿ ಏಪ್ರಿಲ್ ಕೊನೆಯಲ್ಲಿ ಕಾಂಗರೀ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬಂದೆವು. ಏಪ್ರಿಲ್ 15 ದಾಟದೆ ನಮ್ಮಂಥ ಲೆಕ್ಕದ ಕಸುಬಿನವರು ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ಅದಕ್ಕೇ ಆ ತಿಂಗಳ ಕೊನೆ. ಹೆಸರು ಕೇಳಿದ ಕೂಡಲೇ ಹೆಚ್ಚಿನವರು "ಅದೆಲ್ಲಿದೆ?" ಅಂತ ಕೇಳಿದರು. ಸೌತ್ ಕ್ಯಾರೊಲಿನಾದ ರಾಜಧಾನಿ ಕೊಲಂಬಿಯಾದಿಂದ ಸುಮಾರು 20 ಮೈಲಿ ದೂರ, ಅಷ್ಟೇ. ಒಳಗೆ ಹೋಗಲು ಒಂದು ಡಾಲರೂ ಕೊಡಬೇಕಾಗಿಲ್ಲ.

ಮಳೆಗಿಂತ ನೆರೆಯ ಕಾಡು

ಇದನ್ನು ಮಳೆಕಾಡು ಅಂತ ಕರೆಯುವವರಿದ್ದಾರೆ. ಒಳಗೆ ನಿಂತರೆ ಹಾಗೆ ಅನ್ನಿಸುವುದೂ ಸಹಜ: ತಲೆಯ ಮೇಲೆ ಹಸಿರು ಚಪ್ಪರ, ಮೈಗೆ ಅಂಟುವ ಹಬೆ, ಮರಕ್ಕೆ ಸುತ್ತಿದ ಬಳ್ಳಿ. ಆದರೆ ಅಂಕಿ ಬೇರೆ ಕಥೆ ಹೇಳುತ್ತದೆ. ನಮ್ಮ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಕೊಲಂಬಿಯಾದಲ್ಲಿ ಬೀಳುವುದು ಸುಮಾರು 45 ಇಂಚು, ಅಂದರೆ 1,150 ಮಿಲಿಮೀಟರ್ ಆಸುಪಾಸು. ಅಷ್ಟರಲ್ಲೇ ಇಂಥ ಕಾಡು ಬೆಳೆದದ್ದು ಹೇಗೆ?

ಉತ್ತರ ಮೇಲಿನಿಂದ ಹರಿದು ಬರುವ ನೀರಿನಲ್ಲಿದೆ. ಸಲೂಡಾ ಮತ್ತು ಬ್ರಾಡ್ ಎನ್ನುವ ಎರಡು ನದಿಗಳು ಕೊಲಂಬಿಯಾದಲ್ಲಿ ಕೂಡಿ ಕಾಂಗರೀ ನದಿಯಾಗುತ್ತವೆ. ಉತ್ತರದ ಬೆಟ್ಟಸೀಮೆಯಲ್ಲಿ ಮಳೆ ಹೊಯ್ದರೆ ಇಲ್ಲಿ ನದಿ ದಡ ಮೀರಿ ಕಾಡಿಗೆ ನುಗ್ಗುತ್ತದೆ. ಇದು ವರ್ಷಕ್ಕೆ ಸರಾಸರಿ ಹತ್ತು ಸಲ ನಡೆಯುತ್ತದೆ. ನೀರು ಇಳಿದಾಗ ಮೇಲಿನ ಮಣ್ಣಿನ ಸಾರವೆಲ್ಲ ಮರಗಳ ಬುಡದಲ್ಲಿ ಉಳಿಯುತ್ತದೆ. ಹೊಲಕ್ಕೆ ಹೂಳು ಹೊಡೆಸಿದ ಹಾಗೆ! ಅದಕ್ಕೇ ಇಲ್ಲಿನ ಲಾಬ್ಲಾಲಿ ಪೈನ್ ಒಂದು ಸುಮಾರು 167 ಅಡಿ ಎತ್ತರ ಬೆಳೆದಿದೆ. ಹದಿನೈದು ಮಹಡಿಯ ಕಟ್ಟಡದ ಎತ್ತರ ಅಂದುಕೊಳ್ಳಿ.

ಉದ್ಯಾನದ ವಿಸ್ತೀರ್ಣ 26,000 ಎಕರೆಗೂ ಹೆಚ್ಚು. ಅದರಲ್ಲಿ ಸುಮಾರು 11,000 ಎಕರೆ, ಕೊಡಲಿ ಹೆಚ್ಚಾಗಿ ತಾಗದ ಹಳೆಯ ಕಾಡು. ನದಿ ಬಯಲಿನ ಇಂಥ ಹಳೆಗಾಡು ಒಂದು ಕಾಲದಲ್ಲಿ ಅಮೆರಿಕದ ಆಗ್ನೇಯ ಭಾಗದಲ್ಲೆಲ್ಲ ಇತ್ತು. ಒಂದೇ ತುಂಡಾಗಿ ಉಳಿದದ್ದರಲ್ಲಿ ಇದೇ ದೊಡ್ಡದು.

ಹಲಗೆ ದಾರಿಯ ಮೇಲೆ

ಸಂದರ್ಶಕರ ಕೇಂದ್ರದ ಗೋಡೆಯ ಮೇಲೆ ಮೊದಲು ಕಣ್ಣಿಗೆ ಬೀಳುವುದು 'ಸೊಳ್ಳೆ ಮೀಟರ್'. ಒಂದರಿಂದ ಆರರವರೆಗೆ ಅಂಕಿ. ಒಂದು ಅಂದರೆ ನಿಶ್ಚಿಂತೆ, ಆರು ಅಂದರೆ ಯುದ್ಧಭೂಮಿ! ನಾವು ಹೋದ ದಿನ ಮುಳ್ಳು ಮೂರರಲ್ಲಿತ್ತು. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ದೊಡ್ಡವರು ಸದ್ದಿಲ್ಲದೆ ಸೊಳ್ಳೆ ಔಷಧಿ ಬಳಿದುಕೊಂಡೆವು.

ಅಲ್ಲಿಂದ ಮರದ ಹಲಗೆ ದಾರಿ ಶುರುವಾಗುತ್ತದೆ. ಸುತ್ತು ಹಾಕಿ ಹೊರಟಲ್ಲಿಗೇ ಬರಲು ಸುಮಾರು ಎರಡೂವರೆ ಮೈಲಿ. ಮೊದಲರ್ಧ ನೆಲದಿಂದ ಮೇಲೆ, ಕಂಬಗಳ ಮೇಲೆ ಹೋಗುತ್ತದೆ. ಮುಂದೆ ನೆಲಕ್ಕೆ ಹತ್ತಿರ ಇಳಿಯುತ್ತದೆ. ಏರಿಳಿತ ಇಲ್ಲ, ಗಾಲಿ ಕುರ್ಚಿಯೂ ಹೋಗುತ್ತದೆ. ಮಂಡಿ ನೋವಿನ ಹಿರಿಯರು, ತಳ್ಳುಗಾಡಿಯ ಕೂಸು, ಎಲ್ಲರೂ ಒಟ್ಟಿಗೆ ನಡೆದ ಪ್ರವಾಸ ನಮ್ಮ ಗುಂಪಿಗೆ ಇದೇ ಮೊದಲು.

ಕೆಳಗೆ ಕಪ್ಪು ಕೆಸರು, ಅದರ ಮಧ್ಯೆ ಬಾಲ್ಡ್ ಸೈಪ್ರೆಸ್ ಮರಗಳು. ಪೈನ್ ಬಳಗದ ಹಾಗೆ ಕಾಯಿ ಬಿಟ್ಟರೂ ಚಳಿಗಾಲದಲ್ಲಿ ಎಲೆ ಉದುರಿಸುವ ವಿಚಿತ್ರ ಮರ ಇದು. ಬುಡದ ಸುತ್ತ ನೆಲದಿಂದ ಮೊಣಕಾಲಿನಂಥ ಗೂಟಗಳು ಎದ್ದು ನಿಂತಿರುತ್ತವೆ, ಕೆಲವು ಆಳೆತ್ತರಕ್ಕೂ ಮೇಲೆ. ಇವು ಬೇರಿಗೆ ಗಾಳಿ ಕೊಡಲಿಕ್ಕೋ, ಕೆಸರಿನಲ್ಲಿ ಮರವನ್ನು ಗಟ್ಟಿ ಹಿಡಿಯಲಿಕ್ಕೋ ಎಂಬುದರಲ್ಲಿ ವಿಜ್ಞಾನಿಗಳಿಗೇ ಇನ್ನೂ ಒಮ್ಮತ ಇಲ್ಲವಂತೆ.

ನಮ್ಮ ಜೊತೆ ಸಿದ್ದಾಪುರ ಕಡೆಯ ಅಜ್ಜಿಯೊಬ್ಬರು ಬಂದಿದ್ದರು, ಗೆಳೆಯರೊಬ್ಬರ ತಾಯಿ. ಅಟ್ಲಾಂಟಾದ ಅಪಾರ್ಟ್‌ಮೆಂಟಿನಲ್ಲಿ ಎರಡು ತಿಂಗಳಿಂದ ಕಿಟಕಿ ನೋಡುತ್ತಾ ಕೂತಿದ್ದವರು. ಆ ಗೂಟಗಳನ್ನು ಕಂಡು ಕಟಕಟೆ ಹಿಡಿದು ನಿಂತೇಬಿಟ್ಟರು. "ಇದು ನಮ್ಮನೆ ಬದಿ ಜಡ್ಡಿ ಹಾಂಗೇ ಇದ್ದಲೋ ತಮಾ" ಅಂದರು. ಅಲ್ಲಿಂದ ಮುಂದೆ ಅವರೇ ನಮಗೆ ಗೈಡು. ಯಾವ ಬೇರು ಯಾಕೆ ಹೀಗೆ, ಕೆಸರಿನ ವಾಸನೆ ಯಾವಾಗ ಬದಲಾಗುತ್ತದೆ ಅಂತ ಮೊಮ್ಮಕ್ಕಳಿಗೆ ಹೇಳಿದ್ದೇ ಹೇಳಿದ್ದು. ಅವರು ಹೇಳಿದ ಜಡ್ಡಿಯ ವಿಚಾರಕ್ಕೆ ಮುಂದೆ ಬರುತ್ತೇವೆ.

ಪ್ರಾಣಿಗಳ ವಿಷಯ. ಬಂಡೀಪುರದ ಸಫಾರಿ ಲೆಕ್ಕದಲ್ಲಿ ಹೋದರೆ ನಿರಾಸೆಯಾದೀತು, ಇಲ್ಲಿ ಆನೆ ಹುಲಿ ಇಲ್ಲ. ಸುಮ್ಮನೆ ನಿಂತು ನೋಡುವವರಿಗೆ ಬೇಕಾದಷ್ಟಿದೆ. ವೆಸ್ಟನ್ ಕೆರೆ ಅನ್ನುವುದು ಕಾಂಗರೀ ನದಿಯ ಹಳೆಯ ತಿರುವು, ನದಿ ದಾರಿ ಬದಲಿಸಿದ ಮೇಲೆ ಕೆರೆಯಾಗಿ ಉಳಿದದ್ದು. ಅಲ್ಲಿ ದಿಮ್ಮಿಯ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಕೆಂಪು ಜುಟ್ಟಿನ ದೊಡ್ಡ ಮರಕುಟಿಗ ಒಣಮರವನ್ನು ಬಡಗಿಯ ಹಾಗೆ ಕುಟ್ಟುತ್ತಿತ್ತು. ಪ್ರೊಥೊನೊಟರಿ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಆ ಕತ್ತಲಲ್ಲಿ ಅರಿಶಿನದ ಕೊಂಬಿನಂತೆ ಹೊಳೆದು ಮಾಯವಾಯಿತು. ಪಟ್ಟೆ ಗೂಬೆಯೊಂದು ಹಗಲಲ್ಲೇ ಕೂಗಿತು. ನೀರುನಾಯಿ, ಬಾಬ್‌ಕ್ಯಾಟ್ ಇವೆ, ನಮಗೆ ಕಾಣಲಿಲ್ಲ. ವಿಷದ ಕಾಟನ್‌ಮೌತ್ ಹಾವೂ ಇದೆ, ಮಕ್ಕಳನ್ನು ಹಲಗೆ ಬಿಟ್ಟು ಇಳಿಯಲು ಬಿಡಬೇಡಿ. ಕೆಲವು ಕಡೆ ನೆಲವನ್ನು ಉತ್ತ ಹಾಗೆ ಕೆದರಿದ್ದು ಕಂಡಿತು. ಅದು ಹೊರಗಿನಿಂದ ಬಂದು ಕಾಡು ಸೇರಿ ಬೆಳೆದ ಹಂದಿಗಳ ಹಾವಳಿ.

ಕಾಡು ಉಳಿದ ಲೆಕ್ಕ

ನಮಗೆ ಹೆಚ್ಚು ಹಿಡಿಸಿದ್ದು ಈ ಕಾಡು ಉಳಿದ ಕಥೆ. ಲೆಕ್ಕಪತ್ರದ ಕಣ್ಣಿನಿಂದ ನೋಡಿದರೆ ಇದು ಎರಡು ಸಲ ಉಳಿದಿದೆ, ಎರಡು ಬೇರೆ ಬೇರೆ ಕಾರಣಕ್ಕೆ.

ಮೊದಲ ಸಲ ಉಳಿಸಿದ್ದು ನಷ್ಟ. 19ನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿಸ್ ಬೈಡ್ಲರ್ ಎಂಬ ಉದ್ಯಮಿಯ ಸ್ಯಾಂಟೀ ರಿವರ್ ಸೈಪ್ರೆಸ್ ಲಂಬರ್ ಕಂಪನಿ ಈ ಭಾಗದ ಜಮೀನನ್ನು ಕೊಳ್ಳತೊಡಗಿತು. ಗುರಿ ಸೈಪ್ರೆಸ್ ನಾಟಾ. ಆದರೆ ರಸ್ತೆ ಇಲ್ಲದ ಜೌಗಿನಿಂದ ದಿಮ್ಮಿ ಸಾಗಿಸಲು ನದಿಯೊಂದೇ ದಾರಿ. ಹಸಿ ದಿಮ್ಮಿಗಳು ಎಷ್ಟು ಭಾರವೆಂದರೆ ಬಹಳಷ್ಟು ತೇಲದೆ ಮುಳುಗಿದವು. ತೊಗಟೆ ಸುತ್ತಲೂ ಕಡಿದು ಮರವನ್ನು ನಿಂತಲ್ಲೇ ಒಣಗಿಸಿ ನೋಡಿದರೂ ಖರ್ಚು ಗಿಟ್ಟಲಿಲ್ಲ. 1914ರ ಸುಮಾರಿಗೆ ಕಡಿಯುವುದು ನಿಂತಿತು. ಮಾಲೀಕರು ಜಮೀನನ್ನು ಮಾತ್ರ ಇಟ್ಟುಕೊಂಡರು.

ಎರಡನೇ ಸಲ ಉಳಿಸಿದ್ದು ಜನ. ಕೊಲಂಬಿಯಾದ 'ದಿ ಸ್ಟೇಟ್' ಪತ್ರಿಕೆಯಲ್ಲಿ ಹ್ಯಾರಿ ಹ್ಯಾಂಪ್ಟನ್ ಎಂಬ ಪತ್ರಕರ್ತರಿದ್ದರು. ಕಾಡು, ಬೇಟೆ, ಮೀನಿನ ಬಗ್ಗೆ ಅಂಕಣ ಬರೆಯುತ್ತಿದ್ದವರು. 1950ರ ದಶಕದಲ್ಲಿ ಅವರು ಈ ಕಾಡನ್ನು ಕಾಪಾಡಬೇಕು ಅಂತ ಶುರು ಮಾಡಿದಾಗ ಜೊತೆಗೆ ಬಂದವರು ಕಡಿಮೆ. 1969ರಲ್ಲಿ ನಾಟಾದ ಬೆಲೆ ಏರಿ, ಮಾಲೀಕರು ಮತ್ತೆ ಮರ ಕಡಿಯುವ ಯೋಚನೆ ಮಾಡಿದರು. ಹಿಂದೆ ಕಾಡನ್ನು ಕಾಪಾಡಿದ ಅದೇ ಲೆಕ್ಕ ಈಗ ಅದರ ವಿರುದ್ಧ ತಿರುಗಿತು. ಆಗ ಊರಿನವರು, ವಿದ್ಯಾರ್ಥಿಗಳು, ಸಿಯೆರಾ ಕ್ಲಬ್‌ನವರು ಒಟ್ಟಾದರು. 1976ರ ಅಕ್ಟೋಬರ್ 18ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿಯಿಂದ ಇದು ರಾಷ್ಟ್ರೀಯ ಸ್ಮಾರಕವಾಯಿತು. 2003ರ ನವೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಬಂತು. ಸಂದರ್ಶಕರ ಕೇಂದ್ರಕ್ಕೆ ಇಂದು ಹ್ಯಾಂಪ್ಟನ್ ಅವರದೇ ಹೆಸರು.

ಈ ಕಾಡಿಗೆ ಇನ್ನೊಂದು ಚರಿತ್ರೆಯೂ ಇದೆ. ದುಡಿಯಲು ಬಂದ ನಮ್ಮಂಥವರು ಅದನ್ನು ತಿಳಿದಿರಬೇಕು. ಗುಲಾಮಗಿರಿಯ ಕಾಲದಲ್ಲಿ ತೋಟಗಳಿಂದ ತಪ್ಪಿಸಿಕೊಂಡ ಆಫ್ರಿಕನ್ ಮೂಲದ ಜನ ಈ ಜೌಗಿನಲ್ಲಿ ಅಡಗಿ ಬದುಕಿದ್ದರು. ಒಡೆಯರ ಕುದುರೆ, ನಾಯಿ ಸುಲಭವಾಗಿ ಬರಲಾಗದ ಜಾಗ ಅವರಿಗೆ ಆಸರೆಯಾಯಿತು. ನೆರೆ ತಡೆಯಲು ಗುಲಾಮರ ಕೈಯಿಂದ ಕಟ್ಟಿಸಿದ ಮಣ್ಣಿನ ಒಡ್ಡುಗಳ ಗುರುತು ಇನ್ನೂ ಇದೆ. ಕಾಂಗರೀ ಎಂಬ ಹೆಸರೂ ಅದಕ್ಕೂ ಮೊದಲು ಇಲ್ಲಿದ್ದ ಮೂಲ ನಿವಾಸಿಗಳದು. ಯುರೋಪಿನವರು ತಂದ ಸಿಡುಬು ಆ ಸಮುದಾಯವನ್ನು ಬಹುಮಟ್ಟಿಗೆ ಅಳಿಸಿಹಾಕಿತು.

ನಮ್ಮ ಕಡೆಯ ಜಡ್ಡಿ

ಈಗ ಅಜ್ಜಿ ಹೇಳಿದ ಮಾತಿಗೆ ಬರೋಣ. ಉತ್ತರ ಕನ್ನಡದಲ್ಲಿ ಸಿದ್ದಾಪುರ, ಹೊನ್ನಾವರದ ಘಟ್ಟದ ಕಣಿವೆಗಳಲ್ಲಿ ರಾಮಪತ್ರೆ ಜಡ್ಡಿ ಎಂಬ ಜೌಗು ಕಾಡುಗಳಿವೆ. ಜಾಯಿಕಾಯಿಯ ಬಳಗದ ಮರಗಳು ಅಲ್ಲಿ ನೀರಿನಲ್ಲೇ ನಿಂತು ಬೆಳೆಯುತ್ತವೆ. ಕೆಲವಕ್ಕೆ ಮರಗಾಲಿನಂಥ ಬೇರು, ಕೆಲವಕ್ಕೆ ಮೊಣಕಾಲು ಮಡಿಸಿದಂಥ ಬೇರು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಆ ಬೇರುಗಳು ಮೇಲೆದ್ದು ಉಸಿರಾಡುತ್ತವೆ. ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಇದೆ, ನಮ್ಮಲ್ಲಿ ಎಷ್ಟೋ ಜನ ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ದಾಟಿ ಹೋದವರು. ಅಂಥ ಜಡ್ಡಿಗಳಲ್ಲಿ ಹೆಚ್ಚಿನವು ಗದ್ದೆ, ಅಡಿಕೆ ತೋಟಗಳಾಗಿ ಹೋಗಿವೆ. ಉಳಿದವು ಅಲ್ಲಲ್ಲಿ ಸಣ್ಣ ಸಣ್ಣ ತುಣುಕು. 2011ರಲ್ಲಿ ಆದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶದಿಂದ ಕೆಲವಕ್ಕೆ ರಕ್ಷಣೆ ಸಿಕ್ಕಿದೆ.

ಹ್ಯಾಂಪ್ಟನ್‌ರಂಥವರು ನಮ್ಮಲ್ಲಿ ಇರಲಿಲ್ಲ ಅಂತಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅದೇ ಅಪ್ಪಿಕೋ ಚಳವಳಿ. ಅವರ ಬಳಿ ದುಡ್ಡಿರಲಿಲ್ಲ, ಆ ಕಾಡಿನ ನೀರು, ಸೊಪ್ಪು ನಂಬಿದ ಬದುಕಿತ್ತು.

ಮರದ ಬೆಲೆಯನ್ನು ನಾಟಾದಲ್ಲಿ ಬರೆದಿಡುವುದು ಸುಲಭ. ನೆರೆ ನೀರನ್ನು ಹಿಡಿದಿಡುವುದು, ಬೇಸಿಗೆಯಲ್ಲಿ ಬಾವಿ ಬತ್ತದಂತೆ ನೋಡುವುದು, ಇವು ಯಾವ ಜಮಾ ಪುಟಕ್ಕೂ ಬರುವುದಿಲ್ಲ. ಪುಟಕ್ಕೆ ಬರದ್ದನ್ನು ಬೆಲೆ ಇಲ್ಲದ್ದು ಅಂದುಕೊಂಡರೆ, ಮಾರುಕಟ್ಟೆ ಏರಿದ ದಿನ ಕಾಡು ಹೋಗುತ್ತದೆ. ಊರಲ್ಲಿ ನಮ್ಮ ಹೆಸರಿನಲ್ಲಿ ಇನ್ನೂ ತೋಟ, ಬೆಟ್ಟ, ಹಕ್ಕಲು ಇರುವವರು ಇದ್ದೇವೆ. ಮಾರಿಬಿಡೋಣ ಅಂತ ಅಣ್ಣ ತಮ್ಮಂದಿರು ಫೋನ್ ಮಾಡಿದಾಗ ಎಕರೆಗೆ ಎಷ್ಟು ಅಂತ ಕೇಳುವುದರ ಜೊತೆಗೆ, ಅಲ್ಲಿ ಏನು ಬೆಳೆದಿದೆ, ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳುವುದು ಒಳ್ಳೆಯದು.

ಹೊರಡುವವರಿಗೆ

ಅಟ್ಲಾಂಟಾದಿಂದ ಐ-20 ಹಿಡಿದರೆ ಮೂರೂವರೆಯಿಂದ ನಾಲ್ಕು ಗಂಟೆ. ಶಾರ್ಲೆಟ್‌ನಿಂದ ಐ-77ರಲ್ಲಿ ಎರಡು ಗಂಟೆ. ವಾಷಿಂಗ್ಟನ್‌ನಿಂದ ಐ-95, ಆಮೇಲೆ ಐ-20, ಎಂಟು ಗಂಟೆ ಇಟ್ಟುಕೊಳ್ಳಿ. ರಾತ್ರಿ ಕೊಲಂಬಿಯಾದಲ್ಲಿ ತಂಗಬಹುದು. ಡೇರೆ ಹಾಕುವವರಿಗೆ ಉದ್ಯಾನದೊಳಗೆ ಸಣ್ಣ ಶುಲ್ಕಕ್ಕೆ ಜಾಗ ಇದೆ, ಮೊದಲೇ ಕಾಯ್ದಿರಿಸಬೇಕು.

ವಸಂತ ಮತ್ತು ಶರತ್ಕಾಲ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಸೆಕೆ, ಸೊಳ್ಳೆ ಎರಡೂ ಜೋರು. ಹೊರಡುವ ಹಿಂದಿನ ದಿನ ಉದ್ಯಾನದ ಜಾಲತಾಣದಲ್ಲಿ ನೀರಿನ ಮಟ್ಟ ನೋಡಿ, ನೆರೆ ಬಂದರೆ ಕೆಳಗಿನ ಹಲಗೆ ದಾರಿ ಮುಳುಗುತ್ತದೆ. ಒಳಗೆ ಹೋಟೆಲ್ ಇಲ್ಲ, ಊಟ ಕಟ್ಟಿಕೊಂಡೇ ಹೋಗಿ. ನಮ್ಮ ಚಪಾತಿ, ಶೇಂಗಾ ಚಟ್ನಿ, ಚಿತ್ರಾನ್ನ ಪಿಕ್ನಿಕ್ ಮೇಜಿನ ಮೇಲೆ ಹತ್ತು ನಿಮಿಷದಲ್ಲಿ ಖಾಲಿ. ಫೋನ್ ಸಿಗ್ನಲ್ ನಂಬಬೇಡಿ, ದಾರಿಯ ನಕ್ಷೆ ಮೊದಲೇ ಇಳಿಸಿಕೊಳ್ಳಿ. ಹೆಚ್ಚು ನಡೆಯುವವರಿಗೆ ವೆಸ್ಟನ್ ಕೆರೆಯ ಸುತ್ತು, ದೋಣಿ ಹುಟ್ಟು ಹಾಕುವವರಿಗೆ ಸೀಡರ್ ಕ್ರೀಕ್ ಇದೆ.

ಮೇ ಮಧ್ಯದಿಂದ ಜೂನ್ ಮಧ್ಯದೊಳಗೆ ಇಲ್ಲಿ ಒಂದು ಜಾತಿಯ ಮಿಂಚುಹುಳಗಳು ಒಂದೇ ತಾಳಕ್ಕೆ ಮಿನುಗುತ್ತವೆ. ಆ ರಾತ್ರಿಗಳಿಗೆ ಕಾರಿನ ಪಾಸ್ ಬೇಕು, ಅದು ಲಾಟರಿಯಲ್ಲಿ ಸಿಗುವುದು. ಅರ್ಜಿ ವಸಂತದಲ್ಲೇ ಹಾಕಬೇಕು. ವೀಸಾ ಲಾಟರಿಗೆ ಕಾದು ಅಭ್ಯಾಸ ಇರುವ ನಮಗೆ ಇದೇನು ದೊಡ್ಡದಲ್ಲ! ಮುಂದಿನ ವರ್ಷ ಏಳೂ ಮನೆಯವರು ಬೇರೆ ಬೇರೆಯಾಗಿ ಅರ್ಜಿ ಹಾಕುವುದು ಅಂತ ತೀರ್ಮಾನವಾಗಿದೆ. ಯಾರಿಗೆ ಬಂದರೂ ಆ ಕಾರಿನಲ್ಲಿ ಮೊದಲ ಸೀಟು ಹಿರಿಯರಿಗೆ.