ಓವರ್ ಆಕ್ಟಿಂಗ್

ಸಣ್ಣ ತಲೆನೋವಿಗೆ ಇಡೀ ಮನೆಯನ್ನೇ ಎಬ್ಬಿಸಿ ಕೂರಿಸುವವರಿಗೆ, ಬಸ್ಸಿನಲ್ಲಿ ಯಾರೋ ಕಾಲು ತುಳಿದದ್ದಕ್ಕೆ ಬೀದಿರಂಪ ಮಾಡುವವರಿಗೆ ಬೆಂಗಳೂರಿನ ಜಯನಗರ, ಬನಶಂಕರಿಯ ಕಡೆ ಸಿಗುವ ಮಾತು ‘ಓವರ್ ಆಕ್ಟಿಂಗ್ ಮಾಡಬೇಡ’. ಸೀನ್, ಬಿಲ್ಡಪ್, ಡ್ರಾಮಾ ಇದೇ ಬಳಗದವು.

ಈಗ ಬೈಗುಳವಾಗಿರುವ ಈ ಅತಿ ಅಭಿನಯ ಒಂದು ಕಾಲದ ಅಗತ್ಯವಾಗಿತ್ತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಿಗೆ ಮೊದಲ ದಶಕಗಳಲ್ಲಿ ಮೈಕ್ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕೂತವರಿಗೂ ಮಾತು ಕೇಳಬೇಕು, ಮುಖದ ಸಿಟ್ಟು ಕಾಣಬೇಕು. ಆದ್ದರಿಂದ ದನಿ ಏರಿತು, ಕೈ ಅಗಲವಾಗಿ ಬೀಸಿತು, ಕಣ್ಣು ಅರಳಿತು. ರಂಗಗೀತೆ ಹಿಡಿಸಿದರೆ ಪ್ರೇಕ್ಷಕರು ‘ವನ್ಸ್ ಮೋರ್’ ಕೂಗುತ್ತಿದ್ದರು, ನಟ ಮತ್ತೆ ಹಾಡುತ್ತಿದ್ದ. ಅದೇ ಕಂಪನಿಯ ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು, ಅಂಥ ವೈಭವದ ನಡುವೆ ತಗ್ಗಿದ ದನಿಯ ಅಭಿನಯ ನಿಲ್ಲುವುದು ಸಾಧ್ಯವಿರಲಿಲ್ಲ. ಆ ಶೈಲಿಯನ್ನು ಕೃತಕವೆಂದು ತಳ್ಳಿಹಾಕುವುದು ಆ ಕಲಾವಿದರಿಗೆ ಮಾಡುವ ಅನ್ಯಾಯ.

ಸಿನಿಮಾದ ಕ್ಯಾಮೆರಾ ಅಭಿನಯದ ಅಳತೆಯನ್ನು ಬದಲಿಸಿತು. ಕ್ಲೋಸಪ್‌ನಲ್ಲಿ ಹುಬ್ಬು ಅಲುಗಿದರೂ ಸಾಕು. ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದ ರಾಜ್‌ಕುಮಾರ್ ರಂಗದ ಸ್ಪಷ್ಟ ಉಚ್ಚಾರಣೆಯನ್ನು ಉಳಿಸಿಕೊಂಡೇ ಪರದೆಗೆ ಒಗ್ಗಿದರು.

ರಂಗಭೂಮಿಯಲ್ಲೂ ಅಳತೆ ಬದಲಾಗಿದೆ. ಜೆ.ಪಿ. ನಗರದಲ್ಲಿ ನಟ, ನಿರ್ದೇಶಕ ಶಂಕರ್ ನಾಗ್ ನೆನಪಿಗಾಗಿ 2004ರಲ್ಲಿ ತೆರೆದ ರಂಗ ಶಂಕರ ರಂಗಮಂದಿರದಲ್ಲಿ ಪ್ರೇಕ್ಷಕರು ವೇದಿಕೆಗೆ ತೀರಾ ಸಮೀಪ. ಅಲ್ಲಿ ನಟನ ಉಸಿರಾಟವೂ ಕೇಳುವುದರಿಂದ, ಕಂಪನಿ ನಾಟಕಕ್ಕೆ ತಕ್ಕುದಾಗಿದ್ದ ಅದೇ ಆರ್ಭಟ ಬೇಗ ಅತಿಯೆನಿಸುತ್ತದೆ.